ಕೋವಿಡ್ ನಂತರ ಸಮಾಜಕಾರ್ಯ ಸಂಶೋಧನೆ ಎತ್ತ ಹೊರಳಿದೆ: ಅಳೆಯುವ ಬಗೆ

ಪ್ರಕಟವಾದ ಲೇಖನಗಳನ್ನು ಒಟ್ಟುಮಾಡಿ, ಕೋವಿಡ್‌ಗೆ ಮೊದಲು ಮತ್ತು ನಂತರ ಯಾವ ವಿಷಯ ಏರಿತು, ಯಾವುದು ಇಳಿಯಿತು ಎಂದು ನೋಡುವುದು ಇಲ್ಲಿನ ಕೆಲಸ. ಲೇಖನ ಪ್ರಕಟವಾದ ವರ್ಷವನ್ನೇ ನಂಬಿ ಗ್ರಾಫ್ ಬರೆದರೆ ಫಲಿತಾಂಶ ದಾರಿ ತಪ್ಪುತ್ತದೆ. 2020ರಲ್ಲಿ ಮಾಡಿದ ಸಂದರ್ಶನಗಳು 2023ರ ಸಂಚಿಕೆಯಲ್ಲಿ ಅಚ್ಚಾಗುವುದುಂಟು. ಅದನ್ನು 'ನಂತರದ' ಅಧ್ಯಯನವೆಂದು ಎಣಿಸಿದಾಗ ಲಾಕ್‌ಡೌನ್ ಕಾಲದ ತುರ್ತು ಪರಿಸ್ಥಿತಿಯೇ ಹೊಸ ಪ್ರವೃತ್ತಿಯ ವೇಷ ತೊಟ್ಟು ಬರುತ್ತದೆ. ಹಾಗಾಗಿ ಪ್ರತಿ ಲೇಖನದ ಸಂಶೋಧನಾ ವಿಧಾನದ ಭಾಗವನ್ನು ತೆರೆದು, ಮಾಹಿತಿ ಸಂಗ್ರಹಿಸಿದ ತಿಂಗಳು ಮತ್ತು ವರ್ಷವನ್ನು ಬೇರೆ ಕಾಲಮ್‌ನಲ್ಲಿ ಬರೆದುಕೊಳ್ಳಿ. ಅಲ್ಲಿ ಕೊಟ್ಟಿಲ್ಲವಾದರೆ 'ತಿಳಿಸಿಲ್ಲ' ಎಂದಿರಲಿ, ಊಹಿಸಿ ತುಂಬಬೇಡಿ.

ಕಾಲವನ್ನು ಮೂರು ಭಾಗ ಮಾಡಿ. 2015–2019 ಹೋಲಿಕೆಗೆ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ 2020ರ ಮಾರ್ಚ್ 11ರಿಂದ, ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ಸಾರಿದ 2023ರ ಮೇ 5ರವರೆಗಿನದು ಎರಡನೆಯದು. ಆಮೇಲಿನದು ಮೂರನೆಯದು. ಹೋಲಿಕೆಯ ಅವಧಿಯೇ ಇಲ್ಲದಿದ್ದರೆ, ಮೊದಲಿನಿಂದ ಬೆಳೆಯುತ್ತಿದ್ದ ವಿಷಯವೂ ಕೋವಿಡ್‌ನಿಂದ ಹುಟ್ಟಿದಂತೆ ಕಾಣುತ್ತದೆ.

ಹುಡುಕಾಟದಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. 'ಸೋಶಿಯಲ್ ವರ್ಕ್*' (* ಚಿಹ್ನೆ ಪದದ ಬೇರೆ ರೂಪಗಳನ್ನೂ ಹುಡುಕುತ್ತದೆ) ಜೊತೆಗೆ 'ಕೋವಿಡ್' ಪದ ಸೇರಿಸಿ ಲೇಖನಗಳ ದತ್ತಸಂಚಯಗಳಾದ ಸ್ಕೋಪಸ್ ಅಥವಾ ವೆಬ್ ಆಫ್ ಸೈನ್ಸ್‌ನಲ್ಲಿ ಹುಡುಕುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ಸಂಖ್ಯೆ ಇಳಿದರೆ ಆಸಕ್ತಿ ಕುಗ್ಗಿತೆಂದು ಬರೆದುಬಿಡುತ್ತಾರೆ. ವಿಡಿಯೊ ಕರೆಯಲ್ಲಿ ಆಪ್ತಸಮಾಲೋಚನೆ ದಿನನಿತ್ಯದ ಕೆಲಸವಾದ ಮೇಲೆ ಅದರ ಬಗ್ಗೆ ಬರೆಯುವವರು ಕೋವಿಡ್ ಹೆಸರೆತ್ತಲೇಬೇಕೆಂದಿಲ್ಲ. ಆದ್ದರಿಂದ ಎರಡು ಹುಡುಕಾಟ ನಡೆಸಿ: ಒಂದು ಕೋವಿಡ್ ಪದದೊಂದಿಗೆ, ಇನ್ನೊಂದು ಆ ಪದವಿಲ್ಲದೆ, ವಿಷಯದ ಪದಗಳಿಂದ ಮಾತ್ರ (ದೂರ ಸೇವೆ, ಡಿಜಿಟಲ್ ಅಂತರ, ಬರ್ನ್‌ಔಟ್ ಎಂಬ ಕೆಲಸದ ಬಳಲಿಕೆ, ತಪ್ಪೆಂದು ಗೊತ್ತಿದ್ದೂ ಮಾಡಬೇಕಾಗಿ ಬಂದಾಗ ಆಗುವ ನೈತಿಕ ಗಾಯ, ಶೋಕ, ಮನೆಯೊಳಗಿನ ಹಿಂಸೆ). ಎರಡನ್ನೂ ಶೀರ್ಷಿಕೆ, ಸಾರಾಂಶ, ಕೀವರ್ಡ್‌ಗಳಿಗೆ ಸೀಮಿತಗೊಳಿಸಿ. ಪೂರ್ಣಪಠ್ಯಕ್ಕೆ ಬಿಟ್ಟರೆ ಸಮಾಜಕಾರ್ಯಕರ್ತರ ಹೆಸರು ಒಮ್ಮೆ ಬಂದ ವೈದ್ಯಕೀಯ ಲೇಖನಗಳೆಲ್ಲ ಬಂದು ಬೀಳುತ್ತವೆ.

ಲೇಖನಗಳ ಪಟ್ಟಿ ಇಡುವ ತಂತ್ರಾಂಶ ಝೊಟೆರೊದಲ್ಲಿ ನಕಲುಗಳನ್ನು ತೆಗೆಯುವಾಗ ಪ್ರಿಪ್ರಿಂಟ್ (ಪರಿಶೀಲನೆಗೆ ಮುನ್ನ ಹಾಕಿದ ಕರಡು) ಮತ್ತು ಅಂತಿಮ ಲೇಖನ ಎರಡೂ ಉಳಿದಿವೆಯೇ ನೋಡಿ. ಡಿಒಐ (ಲೇಖನದ ಗುರುತಿನ ಸಂಖ್ಯೆ) ಬೇರೆಯಾಗಿರುವುದರಿಂದ ತಂತ್ರಾಂಶ ಇವನ್ನು ಹಿಡಿಯದೇ ಹೋಗಬಹುದು.

ಸಿಕ್ಕ ಲೇಖನಗಳಲ್ಲಿ ಯಾವುದನ್ನು ಉಳಿಸಬೇಕೆಂಬ ಆಯ್ಕೆಯನ್ನು ಇಬ್ಬರು ಪ್ರತ್ಯೇಕವಾಗಿ ಮಾಡಬೇಕು. ಮೊದಲು 50 ಸಾರಾಂಶಗಳನ್ನು ಇಬ್ಬರೂ ಓದಿ, ಭಿನ್ನಾಭಿಪ್ರಾಯ ಬಂದ ಕಡೆ ನಿಯಮವನ್ನು ತಿದ್ದಿ, ಆಮೇಲೆ ಉಳಿದದ್ದಕ್ಕೆ ಕೈಹಾಕಿ. ಜಗಳ ಹೆಚ್ಚಾಗಿ ಬರುವುದು ಒಂದೇ ಪ್ರಶ್ನೆಗೆ: ಲೇಖನ ಸಮಾಜಕಾರ್ಯದ ವೃತ್ತಿಯ ಬಗ್ಗೆಯೋ, ವಿದ್ಯಾರ್ಥಿಗಳ ಆನ್‌ಲೈನ್ ತರಗತಿಯ ಬಗ್ಗೆಯೋ? ಎರಡನೆಯದನ್ನು ಕೈಬಿಡಿ, ಇಲ್ಲವೇ ಬೇರೆ ಕೋಡ್ (ವಿಷಯದ ಗುರುತು) ಕೊಡಿ. ವರದಿಯಲ್ಲಿ ಏನೇನಿರಬೇಕೆಂದು ನೋಡಲು, ಪ್ರಿಸ್ಮಾ ಎಂಬ ಮಾರ್ಗಸೂಚಿಯಲ್ಲಿ ಸ್ಕೋಪಿಂಗ್ ರಿವ್ಯೂಗೆ (ಒಂದು ವಿಷಯದ ಮೇಲೆ ಏನೇನು ಸಂಶೋಧನೆ ಆಗಿದೆ ಎಂಬ ಅವಲೋಕನ) ಇರುವ ಪಟ್ಟಿ (2018, 22 ಅಂಶಗಳು) ಸಾಕು.

ಕೋಡ್ ಹಾಕುವಾಗ ವಿಷಯದ ಜೊತೆ 'ಯಾರ ದನಿ' ಎಂಬ ಕಾಲಮ್ ಇಡಿ: ಕಾರ್ಯಕರ್ತರದೋ, ಸೇವೆ ಪಡೆದವರದೋ. ಅಂತರರಾಷ್ಟ್ರೀಯ ಸಮಾಜಕಾರ್ಯಕರ್ತರ ಒಕ್ಕೂಟದ ಜೊತೆಗೂಡಿ 2020ರ ಮೇನಲ್ಲಿ ನಡೆದ ನೈತಿಕ ಸವಾಲುಗಳ ಸಮೀಕ್ಷೆಯಲ್ಲಿ ಉತ್ತರಿಸಿದವರು ಕಾರ್ಯಕರ್ತರೇ. ಅಂಥ ಆನ್‌ಲೈನ್ ಸಮೀಕ್ಷೆಗಳಿಗೆ ಇಂಟರ್ನೆಟ್ ಇದ್ದವರು ಮಾತ್ರ ಸಿಗುತ್ತಾರೆ. ಡಿಜಿಟಲ್ ಅಂತರದ ಬಗ್ಗೆ ಅವುಗಳಿಂದಲೇ ತೀರ್ಮಾನಕ್ಕೆ ಬರುವುದು ಹಾಸ್ಯಾಸ್ಪದ.

ಯಾವ ಕೀವರ್ಡ್‌ಗಳು ಒಟ್ಟಿಗೆ ಬರುತ್ತವೆಂದು ತೋರಿಸುವ ನಕ್ಷೆಗೆ ವಿಒಎಸ್‌ವ್ಯೂವರ್ ಎಂಬ ಉಚಿತ ತಂತ್ರಾಂಶವಿದೆ. ಒಂದು ಕೀವರ್ಡ್ ಕನಿಷ್ಠ 5 ಬಾರಿ ಬಂದಿರಬೇಕೆಂಬ ಮಿತಿ ಅದರಲ್ಲಿ ಮೊದಲೇ ಇರುತ್ತದೆ. ಲೇಖನಗಳು ಕಡಿಮೆಯಿದ್ದರೆ 3ಕ್ಕೆ ಇಳಿಸಿ. ಅದಕ್ಕೂ ಮುನ್ನ ಥೆಸಾರಸ್ ಫೈಲ್ ಮಾಡಿ, ಒಂದೇ ಅರ್ಥದ ಪದಗಳನ್ನು ಒಗ್ಗೂಡಿಸಿ. 'ಟೆಲಿಹೆಲ್ತ್', 'ಇ-ಸೋಶಿಯಲ್ ವರ್ಕ್' ಬೇರೆಬೇರೆಯಾಗಿ ಉಳಿದರೆ ದೊಡ್ಡ ವಿಷಯ ಚೂರಾಗಿ ಸಣ್ಣದಾಗಿ ಕಾಣುತ್ತದೆ.

ಕೊನೆಯ ಗ್ರಾಫ್‌ನಲ್ಲಿ ಲೇಖನಗಳ ಸಂಖ್ಯೆಯ ಬದಲು ಆ ಅವಧಿಯ ಒಟ್ಟು ಸಮಾಜಕಾರ್ಯ ಲೇಖನಗಳಲ್ಲಿ ವಿಷಯದ ಶೇಕಡಾ ಪಾಲನ್ನು ತೋರಿಸಿ. ಮಾಹಿತಿ ಸಂಗ್ರಹದ ದಿನಾಂಕ ತಿಳಿಸದ ಲೇಖನಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಲೆಕ್ಕ ಮಾಡಿ. ಎರಡು ಲೆಕ್ಕಗಳಲ್ಲಿ ಗ್ರಾಫ್‌ನ ಗೆರೆ ಏರುವ ಅಥವಾ ಇಳಿಯುವ ದಿಕ್ಕು ಬೇರೆಯಾದರೆ ಆ ಪ್ರವೃತ್ತಿಯನ್ನು ವರದಿಯಿಂದ ತೆಗೆಯಿರಿ.