ವಸಂತದ ಹೂಗೆಡ್ಡೆಗಳನ್ನು ನೆಡುವ ಬಗೆ

ನೆಡಲು ತಂದ ಟ್ಯುಲಿಪ್ ಗೆಡ್ಡೆಗಳಲ್ಲಿ ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಈರುಳ್ಳಿಯಂಥ ಪದರಗಳ ನಡುವೆ, ಮುಂದಿನ ವಸಂತದಲ್ಲಿ ಅರಳಬೇಕಾದ ಹೂವು ಪುಟಾಣಿ ರೂಪದಲ್ಲಿ ಆಗಲೇ ಕೂತಿರುತ್ತದೆ. ಹಾಗಾಗಿ ಮೊದಲ ವರ್ಷದ ಹೂವಿಗೆ ಗೊಬ್ಬರಕ್ಕಿಂತ ಚಳಿ ಮತ್ತು ನೀರು ನಿಲ್ಲದ ಮಣ್ಣೇ ಮುಖ್ಯ.

ಕೊಳ್ಳುವಾಗ ಗೆಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿರಬೇಕು, ಗಾತ್ರಕ್ಕೆ ತಕ್ಕ ತೂಕವಿರಬೇಕು. ಬೇರು ಹೊರಡುವುದು ಬುಡದಿಂದ. ಅದು ಮೆತ್ತಗಾಗಿದ್ದರೆ ಆ ಗೆಡ್ಡೆ ಬೇಡ. ಹೊರಗಿನ ಕಂದು ಸಿಪ್ಪೆ ಉದುರಿದ್ದರೆ ತೊಂದರೆಯಿಲ್ಲ. ಹಯಸಿಂತ್ ಗೆಡ್ಡೆ ಮುಟ್ಟಿದರೆ ಹಲವರಿಗೆ ಕೈ ತುರಿಸುತ್ತದೆ, ಕೈಗವಸು ಹಾಕಿಕೊಳ್ಳಿ.

ನೆಡುವ ಕಾಲ ಶರತ್ಕಾಲ. ಮಣ್ಣಿನ ಉಷ್ಣತೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಿರಬೇಕು, ನೆಲ ಹೆಪ್ಪುಗಟ್ಟಲು ಇನ್ನೂ ಆರು ವಾರವಾದರೂ ಇರಬೇಕು. ಆ ಅವಧಿಯಲ್ಲೇ ಬೇರು ಇಳಿಯುವುದು. ಡ್ಯಾಫೋಡಿಲ್ ಮತ್ತು ಕ್ರೋಕಸ್‌ಗಳನ್ನು ಮೊದಲು ನೆಡಿ, ಟ್ಯುಲಿಪ್ ಕೊನೆಗಿರಲಿ. ಮಣ್ಣು ಚೆನ್ನಾಗಿ ತಣಿದ ಮೇಲೆ ನೆಟ್ಟರೆ ಟ್ಯುಲಿಪ್‌ಗೆ ಶಿಲೀಂಧ್ರ ರೋಗದ ಕಾಟ ಕಡಿಮೆ.

ಚಳಿಗಾಲವೇ ಬೆಚ್ಚಗಿರುವ ಕಡೆ ಟ್ಯುಲಿಪ್, ಹಯಸಿಂತ್‌ಗಳಿಗೆ ಚಳಿಯನ್ನು ನಾವೇ ಕೊಡಬೇಕು. ಗಾಳಿಯಾಡುವ ಕಾಗದದ ಚೀಲದಲ್ಲಿಟ್ಟು ಫ್ರಿಜ್ಜಿನಲ್ಲಿ 12ರಿಂದ 14 ವಾರ ಇಡಿ, ಫ್ರೀಜರ್‌ನಲ್ಲಿ ಬೇಡ. ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಯಂಥ ಹಣ್ಣುಗಳನ್ನು ಇಡಲೇಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ; ನೆಟ್ಟ ಮೇಲೆ ಎಲೆ ಬರುತ್ತದೆ, ಹೂವು ಮಾತ್ರ ಬರುವುದಿಲ್ಲ. ಚಳಿ ಸಾಲದೇ ಹೋದರೆ ಹೂವು ಗಿಡ್ಡ ಕಾಂಡದಲ್ಲಿ, ಎಲೆಗಳ ನಡುವೆಯೇ ಸಿಕ್ಕಿಕೊಂಡು ಅರಳುತ್ತದೆ.

ಜಾಗ ಆರಿಸುವಾಗ ದಿನಕ್ಕೆ ಆರು ಗಂಟೆ ಬಿಸಿಲು ಬೀಳುವುದನ್ನು ನೋಡಿಕೊಳ್ಳಿ. ವಸಂತದ ಹೊತ್ತಿಗೆ ಎಲೆ ಬಿಟ್ಟಿರದ ಮರದ ಅಡಿಯಾದರೂ ಆಗುತ್ತದೆ. ಅಲ್ಲಿ 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೆಯ ದಿನವೂ ನೀರು ನಿಂತಿದ್ದರೆ ಅಲ್ಲಿ ಗೆಡ್ಡೆ ಕೊಳೆಯುವುದು ಖಂಡಿತ. ಅಂಟುಮಣ್ಣಿಗೆ ಒಂದು ಹಿಡಿ ಮರಳು ಹಾಕಿ ಪ್ರಯೋಜನವಿಲ್ಲ. ಮಡಿಯನ್ನೇ ಒಂದು ಗೇಣು ಎತ್ತರಿಸಿ, ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ. ಹಸಿ ಸಗಣಿ ಗೊಬ್ಬರ ಗೆಡ್ಡೆಗೆ ತಾಗಿದರೆ ಕೊಳೆ ಶುರುವಾಗುತ್ತದೆ.

ಗೆಡ್ಡೆಯ ಎತ್ತರದ ಮೂರರಷ್ಟು ಆಳಕ್ಕೆ ನೆಡಬೇಕು. ಟ್ಯುಲಿಪ್, ಡ್ಯಾಫೋಡಿಲ್, ಹಯಸಿಂತ್‌ಗಳಿಗೆ 15ರಿಂದ 20 ಸೆಂ.ಮೀ., ಕ್ರೋಕಸ್‌ಗೆ 8ರಿಂದ 10 ಸೆಂ.ಮೀ. ಸಾಕು. ಚೂಪು ತುದಿ ಮೇಲಿರಲಿ; ಯಾವುದು ಮೇಲೆಂದು ತಿಳಿಯದಿದ್ದರೆ ಅಡ್ಡಡ್ಡ ಮಲಗಿಸಿ, ಚಿಗುರು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಎರಡು ಗೆಡ್ಡೆಗಳ ನಡುವೆ ಗೆಡ್ಡೆಯ ಅಗಲದ ಎರಡು ಮೂರರಷ್ಟು ಅಂತರ ಬಿಡಿ. ಸಾಲಾಗಿ ನೆಡುವುದಕ್ಕಿಂತ ಒಂದೇ ಜಾತಿಯ ಹತ್ತು ಹನ್ನೆರಡನ್ನು ಗುಂಪಾಗಿ ನೆಟ್ಟರೆ ನೋಡಲು ಬಲು ಚೆಂದ. ಮಣ್ಣು ಮುಚ್ಚಿ ಒಮ್ಮೆ ಚೆನ್ನಾಗಿ ನೀರು ಕೊಡಿ. ಆಮೇಲೆ ಮಣ್ಣು ಒಣಗಿದಾಗ ಮಾತ್ರ.

ಅಳಿಲು, ಇಲಿಗಳಿಗೆ ಟ್ಯುಲಿಪ್ ಮತ್ತು ಕ್ರೋಕಸ್ ಎಂದರೆ ಪ್ರಾಣ. ಮಡಿಯ ಮೇಲೆ ಸಣ್ಣ ಕಣ್ಣಿನ ತಂತಿಜಾಲರಿ ಹಾಸಿ, ಚಿಗುರು ಕಂಡೊಡನೆ ತೆಗೆಯಿರಿ. ಡ್ಯಾಫೋಡಿಲ್ ವಿಷವಾದ್ದರಿಂದ ಅವು ಮೂಸುವುದಿಲ್ಲ. ಈರುಳ್ಳಿಯೆಂದು ಯಾರೂ ಅಡುಗೆಗೆ ಬಳಸದಂತೆ ಮನೆಯಲ್ಲೂ ಬೇರೆಯಾಗಿಡಿ.

ಹೂವು ಬಾಡಿದ ಮೇಲೆ ಬೀಜ ಕಟ್ಟದಂತೆ ತಲೆಯನ್ನಷ್ಟೇ ಚಿವುಟಿ. ಎಲೆ ಮುಟ್ಟಬೇಡಿ, ಅಂದಕ್ಕೆಂದು ಗಂಟು ಹಾಕಿ ಕಟ್ಟಲೂ ಬೇಡಿ. ಸುಮಾರು ಆರು ವಾರ, ಅವು ಹಳದಿಯಾಗುವವರೆಗೆ, ಮುಂದಿನ ವರ್ಷದ ಗೆಡ್ಡೆಗೆ ಆಹಾರ ತುಂಬುವುದು ಆ ಎಲೆಗಳೇ. ಡ್ಯಾಫೋಡಿಲ್ ಕೆಲವು ವರ್ಷಗಳ ನಂತರ ಬರೀ ಎಲೆ ಬಿಡತೊಡಗಿದರೆ ಗೆಡ್ಡೆಗಳು ಒತ್ತೊತ್ತಾಗಿರಬಹುದು. ಎಲೆ ಒಣಗಿದ ಮೇಲೆ ಅಗೆದು, ಬಿಡಿಸಿ, ದೂರದೂರ ನೆಡಿ. ದೊಡ್ಡ ಹೂವಿನ ಟ್ಯುಲಿಪ್ ತಳಿಗಳಲ್ಲಿ ಬಹುಪಾಲು ವರ್ಷದಿಂದ ವರ್ಷಕ್ಕೆ ಸೊರಗುತ್ತವೆ, ಅವನ್ನು ಹೊಸದಾಗಿ ಕೊಂಡು ನೆಡುವುದೇ ಸರಿ.