ಮರದ ಉಂಗುರದಲ್ಲಿ ಬರ ಹುಡುಕುವ ನನ್ನ ಕೆಲಸ

ಮರದ ಕಾಂಡದೊಳಗೆ ಸಾಮಾನ್ಯವಾಗಿ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಅದನ್ನು ನೋಡೋಕೆ ಮರ ಕಡಿಯಬೇಕಾಗಿಲ್ಲ. ಇನ್‌ಕ್ರಿಮೆಂಟ್ ಬೋರರ್ ಅನ್ನೋ ಟೊಳ್ಳು ಬೈರಿಗೆಯನ್ನು ತೊಗಟೆಯಿಂದ ತಿರುಳಿನವರೆಗೆ ತಿರುಗಿಸುತ್ತಾ ಹೋದರೆ ಸುಮಾರು 5 ಮಿಲಿಮೀಟರ್ ದಪ್ಪದ ಕಡ್ಡಿ ಸಿಗುತ್ತದೆ. ಗಟ್ಟಿ ಮರವಾದರೆ ತೋಳು ಸೋತುಹೋಗುತ್ತದೆ, ಅದು ಬೇರೆ ಮಾತು.

ಮರ ಆರಿಸುವುದು ಮುಖ್ಯ. ಹೊಳೆ ದಂಡೆಯ ಮರ ನೋಡೋಕೆ ಚೆಂದ, ನನ್ನ ಕೆಲಸಕ್ಕೆ ಬರುವುದಿಲ್ಲ. ಮಳೆ ಬಂದರೂ ಬಾರದಿದ್ದರೂ ಅದಕ್ಕೆ ನೀರು ಸಿಗುತ್ತದೆ, ಉಂಗುರಗಳ ಅಗಲ ಹೆಚ್ಚುಕಡಿಮೆ ಒಂದೇ. ಕಲ್ಲು ಇಳಿಜಾರಿನ ತೆಳು ಮಣ್ಣಲ್ಲಿ ಒದ್ದಾಡಿ ಬೆಳೆದದ್ದು ಬೇಕು. ಮಳೆ ಕೈಕೊಟ್ಟ ವರ್ಷ ಅದರ ಉಂಗುರ ಕೂದಲೆಳೆಯಷ್ಟಾಗಿರುತ್ತದೆ. ಒಂದು ಜಾಗದಲ್ಲಿ 20 ಮರವಾದರೂ, ಮರಕ್ಕೆ ಎರಡರಂತೆ ಕಡ್ಡಿ ತೆಗೆಯುತ್ತೇನೆ.

ಕಡ್ಡಿಯನ್ನು ಮರದ ಪಟ್ಟಿಗೆ ಅಂಟಿಸಿ, ಒರಟು ಸ್ಯಾಂಡ್‌ಪೇಪರಿನಿಂದ ಶುರುಮಾಡಿ ನಯವಾದ 600ನೇ ನಂಬರಿನವರೆಗೆ ಉಜ್ಜಬೇಕು. ಸೂಕ್ಷ್ಮದರ್ಶಕದಲ್ಲಿ ಒಂದೊಂದು ಕೋಶವೂ ಕಾಣಬೇಕು.

ಇನ್ನು ಎಣಿಸಿದರೆ ಮುಗೀತು ಅಲ್ವಾ ಅಂತ ಜನ ಕೇಳುತ್ತಾರೆ. ಅಸಲಿ ಕೆಲಸ ಶುರುವಾಗೋದೇ ಇಲ್ಲಿ. ಭಾರಿ ಬರದ ವರ್ಷ ಮರದ ಒಂದು ಬದಿಯಲ್ಲಿ ಉಂಗುರವೇ ಮೂಡದೆ ಹೋಗಬಹುದು. ಮಳೆ ನಡುವೆ ನಿಂತು ಮತ್ತೆ ಬಂದ ವರ್ಷ ಒಂದರ ಜಾಗದಲ್ಲಿ ಎರಡು ಕಾಣಬಹುದು. ಹಾಗಾಗಿ ಬರೀ ಎಣಿಕೆ ನಂಬುವುದಿಲ್ಲ. ಗ್ರಾಫ್ ಕಾಗದದ ಪಟ್ಟಿಯಲ್ಲಿ ಕಿರಿದಾದ ಉಂಗುರ ಇದ್ದಲ್ಲಿ ಗೆರೆ ಎಳೆಯುತ್ತೇನೆ. ಉಂಗುರ ಕಿರಿದಾದಷ್ಟೂ ಗೆರೆ ಉದ್ದ. ಆಮೇಲೆ ಒಂದು ಮರದ ಪಟ್ಟಿಯನ್ನು ಇನ್ನೊಂದರ ಪಕ್ಕ ಜಾರಿಸುತ್ತಾ ಗೆರೆಗಳು ತಾಳೆಯಾಗುವ ಜಾಗ ಹುಡುಕುತ್ತೇನೆ. ಎಲ್ಲ ಮರಗಳಲ್ಲೂ ಗೆರೆ ಇದ್ದು ಒಂದರಲ್ಲಿ ಮಾತ್ರ ಇಲ್ಲದಿದ್ದರೆ, ಅಲ್ಲಿ ಉಂಗುರ ತಪ್ಪಿದೆ ಅಂತ ಅರ್ಥ. ಖಗೋಳ ವಿಜ್ಞಾನಿ ಎ. ಇ. ಡಗ್ಲಾಸ್ ಹೀಗೆ ಉಂಗುರ ತಾಳೆ ಹಾಕಿಯೇ 1929ರಲ್ಲಿ ಅಮೆರಿಕದ ನೈಋತ್ಯದ ಪಾಳುಮನೆಗಳ ತೊಲೆಗಳಿಗೆ ಇಸವಿ ಹೇಳಿದರು. 1276ರಿಂದ 1299ರವರೆಗಿನ ದೀರ್ಘ ಬರ ಗೊತ್ತಾದದ್ದೂ ಆ ಉಂಗುರಗಳಿಂದ. ಈಗ ಈ ತಾಳೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸುವ ಕೋಫೆಚಾ ತಂತ್ರಾಂಶ ಇದೆ, ಬಳಸುತ್ತೇನೆ. ಆದರೂ ಕಾಗದ ಬಿಡೋಕೆ ಮನಸ್ಸಿಲ್ಲ.

ಮರಕ್ಕೆ ವಯಸ್ಸಾದಂತೆ ಉಂಗುರ ತಾನಾಗಿ ಕಿರಿದಾಗುತ್ತದೆ. ಅದನ್ನು ಬರದ ಲೆಕ್ಕಕ್ಕೆ ಹಾಕಬಾರದು. ಆ ಇಳಿಕೆಗೆ ಒಂದು ರೇಖೆ ಹೊಂದಿಸಿ, ಅಳೆದ ಅಗಲವನ್ನು ಅದರಿಂದ ಭಾಗಿಸುತ್ತೇನೆ. ನಂತರ ಮಳೆ ದಾಖಲೆಯ ಅರ್ಧಭಾಗದ ಜೊತೆ ಹೋಲಿಸಿ ಉಂಗುರದಿಂದ ಮಳೆ ಅಂದಾಜಿಸುವ ಸೂತ್ರ ಕಟ್ಟಿ, ಉಳಿದರ್ಧವನ್ನು ಮುಚ್ಚಿಟ್ಟು ಪರೀಕ್ಷಿಸುತ್ತೇನೆ. ಅಲ್ಲಿ ಸೋತರೆ ಹಳೆಯ ಶತಮಾನಗಳ ಬಗ್ಗೆ ಬಾಯಿ ಬಿಡುವಂತಿಲ್ಲ.

ಹಿಂದೆ ಹೋದಂತೆ ಅಷ್ಟು ಹಳೆಯ ಮರಗಳೂ ಕಮ್ಮಿಯಾಗುತ್ತವೆ. ಎರಡು ಮೂರು ಮರ ಮಾತ್ರ ಉಳಿದ ಕಡೆ ಮಳೆ ಅಂದಾಜಿನ ಗ್ರಾಫನ್ನು ಕತ್ತರಿಸಿಬಿಡುತ್ತೇನೆ, ಅದರಾಚೆ ಎಷ್ಟೇ ದೊಡ್ಡ ಬರ ಕಂಡರೂ.