ದಸರಾ ರಜೆ ಮುಗೀತು, ಕನ್ನಡ ಪೀರಿಯಡ್‌ನಲ್ಲಿ ಏನು ಬರೆಸೋಣ?

ದಸರಾ ರಜೆ ಮುಗಿಸಿ ಬಂದ ಮಕ್ಕಳಿಗೆ ‘ನಾನು ರಜೆ ಕಳೆದ ಬಗೆ’ ಎಂದು ಪ್ರಬಂಧ ಕೊಟ್ಟರೆ ಏನು ಬರುತ್ತದೆ ಎಂದು ಎಲ್ಲ ಮೇಷ್ಟ್ರಿಗೂ ಗೊತ್ತು. ಅಜ್ಜಿ ಮನೆಗೆ ಹೋದೆ, ಮಜಾ ಮಾಡಿದೆ, ವಾಪಸ್ ಬಂದೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಶರತ್ಕಾಲ ಅಂತ ಕೆಂಪು ಎಲೆ, ಕುಂಬಳಕಾಯಿಯ ವರ್ಕ್‌ಶೀಟ್‌ಗಳೇ ಜಾಸ್ತಿ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ ಅಲ್ವಾ? ಈಗ ನಮ್ಮ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿದೆ, ಹುಚ್ಚೆಳ್ಳು ಹಳದಿ ಹೂ ಬಿಟ್ಟಿದೆ. ಉತ್ತರ ಕರ್ನಾಟಕದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತನೆಯ ಗಡಿಬಿಡಿ. 6ರಿಂದ 8ನೇ ತರಗತಿಯ ಮಕ್ಕಳಿಗೆ ಬರೆಯಲು ಬೇಕಾದ ಸರಕು ಮನೆ ಬಾಗಿಲಲ್ಲೇ ಇದೆ. ರಜೆ ಮುಗಿದ ದಿನದಿಂದ ರಾಜ್ಯೋತ್ಸವದವರೆಗೆ ಹೀಗೆ ಮಾಡಿ ನೋಡಿ.

ಮೊದಲು ಮಳೆ ಗಾದೆ

ನಮ್ಮ ರೈತರ ಲೆಕ್ಕದಲ್ಲಿ ಮಳೆಗೆ ನಕ್ಷತ್ರದ ಹೆಸರು. ಒಂದೊಂದು ಮಳೆಗೂ 13–14 ದಿನ. ಅಕ್ಟೋಬರ್‌ 10ರ ಆಸುಪಾಸಿಗೆ ಹಸ್ತ ಮುಗಿದು ಚಿತ್ತೆ ಹುಟ್ಟುತ್ತದೆ, ತಿಂಗಳ ಕೊನೆಯ ವಾರಕ್ಕೆ ಸ್ವಾತಿ. ಮೊದಲ ದಿನ ಮಕ್ಕಳಿಗೆ ಮೂರೇ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿ. ಈಗ ಯಾವ ಮಳೆ ನಡೆಯುತ್ತಿದೆ? ಅದರ ಬಗ್ಗೆ ಗಾದೆ ಇದೆಯಾ? ಆ ಮಳೆ ಕೈಕೊಟ್ಟ ವರ್ಷ ಏನಾಯ್ತು? ಪೇಟೆಯ ಮಕ್ಕಳು ಊರಿನ ಅಜ್ಜಿಗೆ ಫೋನ್ ಮಾಡಲಿ, ಇಲ್ಲವೇ ಬೀದಿಗೆ ಬರುವ ಸೊಪ್ಪಿನಮ್ಮನನ್ನು ಕೇಳಲಿ.

ಒಂದು ನಿಯಮ ಮಾತ್ರ ಬಿಗಿಯಾಗಿರಲಿ: ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ‘ಬರ್ತೈತಿ’ ಅಂದರೆ ‘ಬರ್ತೈತಿ’, ‘ಬತ್ತದೆ’ ಅಂದರೆ ‘ಬತ್ತದೆ’. ಈ ಹಾಳೆಗೆ ಕೆಂಪು ಪೆನ್ನು ಮುಟ್ಟಿಸಬೇಡಿ.

ಮರುದಿನ ಬಂದದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’, ‘ಸ್ವಾತಿ ಮಳೆ ಮುತ್ತಿನ ಬೆಳೆ’ ಇಂಥವು ಬರಬಹುದು. ಒಂದೇ ಗಾದೆ ಎರಡು ಮನೆಯಿಂದ ಬೇರೆ ಬೇರೆ ರೂಪದಲ್ಲಿ ಬಂದರೆ ಒಂದರ ಕೆಳಗೆ ಒಂದು ಬರೆಯಿರಿ, ಯಾವುದು ಸರಿ ಎಂಬ ತೀರ್ಪು ಬೇಡ. ಚಿತ್ತೆ ಯಾಕೆ ಕುರುಡು ಎಂದು ಕೇಳಿ ಸುಮ್ನೆ ಕಾಯಿರಿ. ಈ ಹೊಲದಲ್ಲಿ ಸುರಿದು ಪಕ್ಕದ ಹೊಲ ಒಣಗಿದ್ದನ್ನು ನೋಡಿದ ಮಗು ಒಂದಾದರೂ ಇರುತ್ತದೆ, ಅದೇ ಹೇಳಲಿ. ಆಮೇಲೆ ಪ್ರಾಸ ಹಿಡಿದು ಹೊಸ ಗಾದೆ ಕಟ್ಟಿಸಿ. ‘ಹಸ್ತ ಮಳೆ ಬಂತು, ಹೋಂವರ್ಕ್ ನೆನೆದು ಹೋಯ್ತು’ ಎಂಬಂಥದ್ದು ಬಂದರೂ ತಲೆದೂಗಿ.

ಮೂರನೇ ಪೀರಿಯಡ್‌ಗೆ ಕೊನೆಯ ಪ್ರಶ್ನೆ. ಮಳೆ ಕೈಕೊಟ್ಟ ವರ್ಷದ ಕಥೆಯನ್ನು ಹತ್ತು ಹನ್ನೆರಡು ಸಾಲಲ್ಲಿ ಬರೆಯಬೇಕು. ನಿರೂಪಣೆ ಪುಸ್ತಕದ ಕನ್ನಡದಲ್ಲಿ, ಹಿರಿಯರ ಮಾತು ಮಾತ್ರ ಅವರದೇ ಕನ್ನಡದಲ್ಲಿ, ಉದ್ಧರಣ ಚಿಹ್ನೆಯ ಒಳಗೆ. ಅಜ್ಜ ಹೇಳಿದರು, “ಮಳಿ ಬರ್ಲಿಲ್ಲ, ಬಿತ್ತಿದ್ದೆಲ್ಲಾ ಮಣ್ಣಾತು.” ವ್ಯಾಕರಣ ಪುಸ್ತಕದಲ್ಲಿ ಒಣಗಿಕೊಂಡು ಕೂತಿರುವ ಈ ಚಿಹ್ನೆ ಯಾಕೆ ಬೇಕು ಎಂಬುದು ಮಕ್ಕಳಿಗೆ ಆಗ ತಾನಾಗಿಯೇ ತಿಳಿಯುತ್ತದೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೂ ಇದೇ ಸಾಕು.

ಸೀಗೆ ಹುಣ್ಣಿಮೆ: ಓದಿ ಚಿತ್ರ ಬರೆ

ವಿಜಯದಶಮಿಯಾಗಿ ಐದು ದಿನಕ್ಕೆ ಸೀಗೆ ಹುಣ್ಣಿಮೆ. ಬಯಲುಸೀಮೆಯಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಭೂಮಿತಾಯಿಗೆ ಎಡೆಯಾಗಿ ಅಡುಗೆಯನ್ನು ಹೊಲದ ತುಂಬ ಎರಚುತ್ತಾರೆ. ಮಲೆನಾಡಿನಲ್ಲಿ ಇದೇ ಭೂಮಿ ಹುಣ್ಣಿಮೆ. ಅಲ್ಲಿ ದೀವರು ಸಮುದಾಯದ ಹೆಣ್ಣುಮಕ್ಕಳು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದು ಭೂಮಣ್ಣಿ ಬುಟ್ಟಿ ಮಾಡುತ್ತಾರೆ. ನೋಡಿದ ಮಗು ಅದನ್ನು, ನೋಡದವರಿಗೆ ತಿಳಿಯುವಂತೆ ಹಂತ ಹಂತವಾಗಿ ಬರೆಯಲಿ. ಆ ಹಾಳೆಯನ್ನು ಪಕ್ಕದ ಮಗು ಓದಿ, ಏನನ್ನೂ ಕೇಳದೆ, ಚಿತ್ರ ಬರೆಯಬೇಕು. ಬುಟ್ಟಿ ತಲೆಯ ಮೇಲಿರಬೇಕಾದ್ದು ಕೈಯಲ್ಲಿ ಬಂದರೆ ಯಾವ ಸಾಲು ಬಿಟ್ಟುಹೋಗಿದೆ ಎಂದು ಬರೆದವರೇ ಹುಡುಕಿ ತಿದ್ದುತ್ತಾರೆ. ಹೊಲ ಕಾಣದ ಮಕ್ಕಳು ಆಯುಧಪೂಜೆಗೆ ಸೈಕಲ್ ಸಿಂಗರಿಸಿದ್ದನ್ನು ಬರೆಯಲಿ.

ಆಯುಧಪೂಜೆ ಅಂದಾಗ ನೆನಪಾಯಿತು. ರಸ್ತೆಯ ಮಧ್ಯೆ ಒಡೆದ ಬೂದುಗುಂಬಳದ ಮೇಲೆ ಗಾಡಿ ಜಾರುತ್ತವಲ್ಲ, ಅದರ ಬಗ್ಗೆ ಪುರಸಭೆ ಮುಖ್ಯಾಧಿಕಾರಿಗೆ ಮನವಿ ಪತ್ರ ಬರೆಸಿ. ‘ಗ್ರಂಥಾಲಯ ಬೇಕು’ ಎಂಬ ಹಳೇ ಪತ್ರಕ್ಕಿಂತ ಇದು ಎಷ್ಟೋ ವಾಸಿ.

ಗೊಂಬೆಗಳ ಜಗಳ

ಗೊಂಬೆ ಕೂರಿಸುವ ಹಳೇ ಮೈಸೂರು ಸೀಮೆಯಲ್ಲಿ ಇದು ಸುಲಭ. ಮೇಲಿನ ಮೆಟ್ಟಿಲಿನ ಪಟ್ಟದ ರಾಜ, ಕೆಳಗಿನ ಮೆಟ್ಟಿಲಿನ ಪ್ಲಾಸ್ಟಿಕ್ ಕ್ರಿಕೆಟ್ ಆಟಗಾರ: ಇಬ್ಬರ ನಡುವೆ ಎಂಟು ಸಾಲಿನ ಸಂಭಾಷಣೆ. ಬರೆದವರೇ ನಿಂತು ಓದಲಿ.

ನವೆಂಬರ್ 1ಕ್ಕೆ ಗೋಡೆ ಪತ್ರಿಕೆ

ರಾಜ್ಯೋತ್ಸವದ ಭಾಷಣದಲ್ಲಿ 1956ರ ಏಕೀಕರಣ, 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದದ್ದು ಇರಲೇಬೇಕು. ಅದಕ್ಕೆ ಎರಡು ವಾಕ್ಯ ಸಾಕು. ಉಳಿದ ಹೊತ್ತಿನಲ್ಲಿ ಪ್ರತಿ ಮಗುವೂ ತನ್ನದಲ್ಲ, ಗೆಳೆಯರು ತಂದ ಒಂದು ಗಾದೆಯನ್ನೋ ಕಥೆಯನ್ನೋ ಹೇಳಲಿ. ಬರೆದದ್ದನ್ನೆಲ್ಲ ಹಿಂದಿನ ದಿನವೇ ಗೋಡೆಗೆ ಅಂಟಿಸಿ, ಮಕ್ಕಳ ಕಣ್ಣಳತೆಯ ಎತ್ತರದಲ್ಲಿ. ಪಕ್ಕದಲ್ಲಿ ಒಂದು ಖಾಲಿ ಡ್ರಾಯಿಂಗ್ ಶೀಟ್, ದಾರಕ್ಕೆ ಕಟ್ಟಿದ ಪೆನ್ನು ಇರಲಿ. ಕಾರ್ಯಕ್ರಮಕ್ಕೆ ಬಂದ ಅಜ್ಜ-ಅಜ್ಜಿಯರು ಅಲ್ಲಿ ತಮ್ಮ ಊರಿನ ಗಾದೆ ಸೇರಿಸಬಹುದು. ಬರೆಯಲು ಬಾರದವರಿಗಾಗಿ ಅಲ್ಲೇ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ. ಅವರು ಹೇಳಲಿ, ಇವರು ಬರೆದುಕೊಳ್ಳಲಿ.